ಅಸ್ತ್ರಖಾನಿನ ಒಂಬತ್ತನೆಯ ಅಧ್ಯಾಯ

ಒಣಮೀನಿನ ವಾಸನೆ ಬಂದರೆ ನನಗೆ ಕಮಲಾಪುರ ನೆನಪಾಗುತ್ತದೆ. ಕಮಲಾಪುರಕ್ಕೆ ಸಮುದ್ರವಿಲ್ಲ, ಹೇಳಿಕೊಳ್ಳುವಂಥ ಹೊಳೆಯೂ ಇಲ್ಲ. ಆ ಊರಿನ ಹೆಸರು ನಾಲ್ಕು ಜನರಿಗೆ ಗೊತ್ತಿರುವುದು ಕೆಂಪು ಬಾಳೆಹಣ್ಣಿನಿಂದ. ನಾನು ಹೋಗುತ್ತಿದ್ದ ಮನೆಯಲ್ಲಂತೂ ಮೊಟ್ಟೆ ಕೂಡ ಹೊಸ್ತಿಲು ದಾಟಿರಲಿಲ್ಲ. ಆದರೂ ಮೊನ್ನೆ ಕಲಬುರಗಿಯ ಮಾರ್ಕೆಟ್ಟಿನಲ್ಲಿ ಮಳೆಗೆ ತಲೆ ತಗ್ಗಿಸಿಕೊಂಡು ಓಡುತ್ತಿದ್ದವನು, ತಾಡಪತ್ರಿಯ ಕೆಳಗೆ ಹರವಿದ್ದ ಒಣಮೀನಿನ ಪಕ್ಕ ನಿಂತುಬಿಟ್ಟೆ. ಉಪ್ಪು, ಹಸಿ ಗೋಣಿಚೀಲ, ಕೊಳೆತದ್ದೂ ಅಲ್ಲದ ಒಣಗಿದ್ದೂ ಅಲ್ಲದ ಇನ್ನೇನೋ. ಆ ವಾಸನೆಯ ಒಳಗಿಂದ ಒಬ್ಬ ಮುದುಕರು ಕೆಮ್ಮಿ, "ಬರಕೊ" ಅಂದ ಹಾಗಾಯಿತು.

ನನ್ನ ಕಪಾಟಿನಲ್ಲಿ ಒಂದು ತೆಳ್ಳನೆಯ ಪುಸ್ತಕ ಇದೆ. ರಷ್ಯದ ಅಸ್ತ್ರಖಾನ್ ಎಂಬ ಬಂದರು ಪಟ್ಟಣದ ಚರಿತ್ರೆ, ಕನ್ನಡದಲ್ಲಿ. ಬರೆದವರು ಕಮಲಾಪುರದ ನೀಲಕಂಠಪ್ಪ ಮಾಸ್ತರರು. ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ "ಬರೆದುಕೊಂಡವರು" ಎಂದು ನನ್ನ ಹೆಸರಿದೆ. ಎಂಟು ಅಧ್ಯಾಯಗಳಿವೆ. ಒಂಬತ್ತು ಇರಬೇಕಿತ್ತು. ಆ ಒಂದು ಯಾಕಿಲ್ಲ ಎಂಬುದನ್ನು ಬರೆದಿಡಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಎರಡು ಪುಟವಾದ ಮೇಲೆ, ಇದು ನಡೆದದ್ದೋ ನಾನು ಆಮೇಲೆ ಜೋಡಿಸಿಕೊಂಡದ್ದೋ ಎಂಬ ಅನುಮಾನ ಬಂದು ಹರಿದು ಹಾಕಿದ್ದೇನೆ. ಈ ಸಲ ಅನುಮಾನವನ್ನೂ ಸೇರಿಸಿಕೊಂಡೇ ಬರೆಯುತ್ತೇನೆ.

ಅದು ಒಂದು ಯುಗಾದಿಯಿಂದ ಮರುವರ್ಷದ ಮಳೆಯವರೆಗಿನ ಕಾಲ. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ, ಪಿಎಚ್.ಡಿ.ಗೆ ಹೆಸರು ಹಚ್ಚಿ, ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದುಕೊಂಡಿದ್ದೆ. ನನ್ನ ಮಾರ್ಗದರ್ಶಕರ ಬಳಿ ಒಂದು ಕೆಂಪು ಪೆನ್ನಿತ್ತು. ನಾನು ಬರೆದ ಪ್ರತಿ ಪುಟದ ಅಂಚಿನಲ್ಲೂ ಅದು ಒಂದೇ ಪದ ಬರೆಯುತ್ತಿತ್ತು: "ಆಧಾರ?" ಎರಡು ವರ್ಷ ಆ ಪದವನ್ನು ನೋಡಿ ನೋಡಿ, ಯಾರಾದರೂ "ಊಟ ಆಯ್ತಾ" ಎಂದು ಕೇಳಿದರೂ ನನ್ನೊಳಗೆ ಅದೇ ಪ್ರಶ್ನೆ ಏಳುವ ಹಾಗಾಗಿತ್ತು.

ಆಗ ಸುವರ್ಣಕ್ಕ ಫೋನ್ ಮಾಡಿದರು. ನೀಲಕಂಠಪ್ಪ ಮಾಸ್ತರರು ಹೈಸ್ಕೂಲಿನಲ್ಲಿ ನನಗೆ ಭೂಗೋಳ, ಇತಿಹಾಸ ಕಲಿಸಿದವರು. ಸುವರ್ಣಕ್ಕ ಅವರ ಒಬ್ಬಳೇ ಮಗಳು. ಗಂಡ ತೀರಿದ ಮೇಲೆ ತವರಿಗೆ ಬಂದು ತಂದೆಯ ಬಾಳೆತೋಟ ನೋಡಿಕೊಂಡಿದ್ದರು.

"ತಮ್ಮ, ಅಪ್ಪನ ಕಣ್ಣು ಹೋಗ್ಲಕತ್ತಾವ," ಎಂದರು. "ಶುಗರ್ ಕಣ್ಣಿಗಿಳದಾದಂತ. ಡಾಕ್ಟರು ಈ ವರ್ಷ ಅಷ್ಟೇ ಅಂದಾರ. ಅಪ್ಪಗ ಕಣ್ಣಿನ ಚಿಂತಿ ಇಲ್ಲ, ಆ ಪುಸ್ತಕದ್ದೇ ಚಿಂತಿ. ಐತವಾರಕ್ಕೊಮ್ಮಿ ಬಂದು ಬರಕೊಳ್ತಿ ಏನು?"

ಹ್ಞೂಂ ಅಂದೆ. ಕೃತಜ್ಞತೆಯಿಂದ ಅಂದೆನೋ, ಕೋಣೆಯಿಂದ ಹೊರಬೀಳಲು ಒಂದು ನೆಪ ಸಿಕ್ಕಿತೆಂದು ಅಂದೆನೋ, ಈಗ ಹೇಳಲಾರೆ.

ಮಾಸ್ತರರಿಗೆ ಅಸ್ತ್ರಖಾನ್ ಅಂಟಿಕೊಂಡದ್ದು ಅವರು ಹುಡುಗರಾಗಿದ್ದಾಗ. ಕಲಬುರಗಿಗೆ ರಷ್ಯದ ಪುಸ್ತಕಗಳ ಪ್ರದರ್ಶನ ಬರುತ್ತಿದ್ದ ಕಾಲ. ಅಲ್ಲಿ ಅಗ್ಗಕ್ಕೆ ಸಿಕ್ಕ ಬಣ್ಣದ ಭೂಪಟದಲ್ಲಿ ವೋಲ್ಗಾ ನದಿ ಕ್ಯಾಸ್ಪಿಯನ್ ಸಮುದ್ರ ಸೇರುವ ಜಾಗದಲ್ಲಿ ಒಂದು ಚುಕ್ಕೆ ಇತ್ತು. ಆಮೇಲೆ ಎಲ್ಲೋ ಓದಿದರು: ಐದು ನೂರು ವರ್ಷಗಳ ಹಿಂದೆ ಒಬ್ಬ ರಷ್ಯದ ವ್ಯಾಪಾರಿ ನಮ್ಮ ಸೀಮೆಗೆ, ಬೀದರಿಗೆ, ಕಲಬುರಗಿಗೆ ಬಂದಿದ್ದ, ಬರುವ ದಾರಿಯಲ್ಲಿ ಆ ಚುಕ್ಕೆಯ ಹತ್ತಿರವೇ ಅವನನ್ನು ದೋಚಿದ್ದರು. ಅಷ್ಟೇ ಸಾಕಾಯಿತು. ರಷ್ಯನ್ ಅಕ್ಷರ ತಾವೇ ಕಲಿತರು. ಸಿಕ್ಕ ಪುಸ್ತಕ ಕೂಡಿಸಿದರು. ಒಂದು ತಗಡಿನ ಟ್ರಂಕು ತುಂಬಿತು. ಊರವರು ಅವರನ್ನು ಬೆನ್ನ ಹಿಂದೆ "ರಷ್ಯಾ ಮಾಸ್ತರ್" ಅನ್ನುತ್ತಿದ್ದರು. ಸುವರ್ಣಕ್ಕ ಎದುರಿಗೇ ಅನ್ನುತ್ತಿದ್ದರು: "ಮಂದಿ ಮನ್ಯಾಗ ಮುದುಕರು ಟೀವಿ ನೋಡ್ತಾರ. ನಮ್ಮಪ್ಪ ರಷ್ಯಾ ನೋಡ್ತಾನ. ಕರೆಂಟ್ ಹೋದ್ರೂ ನಿಲ್ಲಂಗಿಲ್ಲ."

ಮೊದಲ ಭಾನುವಾರ ಪಡಸಾಲೆಯ ಶಹಾಬಾದಿ ಕಲ್ಲಿನ ಮೇಲೆ ಕೂತಿದ್ದೆವು. ಅವರಿಗೆ ನನ್ನ ಮುಖ ಒಂದು ಮಬ್ಬು ಕಲೆಯಾಗಿ ಮಾತ್ರ ಕಾಣುತ್ತಿತ್ತು. "ಸುವರ್ಣಾ, ಒಂದು ಬಾಳಿ ಎಲಿ ತಾ. ಗಾಳಿಗಿ ಹರದದ್ದು ತಾ," ಎಂದರು. ಅಕ್ಕ ತಂದ ಎಲೆಯನ್ನು ಕಲ್ಲಿನ ಮೇಲೆ ಹಾಸಿ, ನಡುವಿನ ದಿಂಡಿನ ಮೇಲೆ ಬೆರಳಾಡಿಸಿದರು. "ಇದು ವೋಲ್ಗಾ." ಆಮೇಲೆ ಹರಿದ ಸೀಳುಗಳ ಮೇಲೆ. "ಇವು ಅದರ ಬಾಯಿ. ಎಷ್ಟು ಅದಾವ ಎಣಸು ನೋಡೋಣ. ಆಗಂಗಿಲ್ಲ. ನಾಳಿ ಗಾಳಿ ಬಂದ್ರ ಮತ್ತೊಂದು ಹರಿತದ. ಇಂಥಾ ನೀರಿನ ಮ್ಯಾಲ ಮನಷ್ಯಾ ಊರು ಕಟ್ಟ್ಯಾನ. ಬರಕೊ ಮಲ್ಲಪ್ಪ."

ಅವರ ಕೆಲಸದ ರೀತಿಯೇ ಹಾಗಿತ್ತು. ಓದಿದ್ದು ಸಾಲುತ್ತಿರಲಿಲ್ಲ, ಮುಟ್ಟಬೇಕಿತ್ತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಬಗ್ಗೆ ಬರೆಸುವ ವಾರ, ಕಲಬುರಗಿಯಲ್ಲಿ ಡಾಂಬರು ಚಪ್ಪಲಿಗೆ ಅಂಟುತ್ತಿದ್ದ ಬಿಸಿಲು. ಮಾಸ್ತರರು ಬಸ್ಸು ಹತ್ತಿ ಬಂದೇಬಿಟ್ಟರು. ನಾನು ಅವರನ್ನು ಒಂದು ಐಸ್ ಫ್ಯಾಕ್ಟರಿಗೆ ಕರೆದುಕೊಂಡು ಹೋದೆ.

"ಯಜಮಾನ್ರ, ಮದುವಿ ಶರಬತ್ತಿಗೇನ್ರಿ? ಎಷ್ಟು ಗಡ್ಡಿ ಬೇಕ್ರಿ?" ಎಂದ ಅಲ್ಲಿಯ ಆಳು.

"ಬ್ಯಾಡಪ. ನದಿ ಮುಟ್ಲಕ್ಕ ಬಂದೀನಿ."

ಆಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಬಿಸಲು ತಲಿಗೇರ್ಯಾದೇನ್ರಿ ಇವ್ರಿಗಿ?"

ಅವರು ಎರಡೂ ಅಂಗೈಯನ್ನು ಮಂಜುಗಡ್ಡೆಯ ಮೇಲಿಟ್ಟು ನಿಂತರು. ನಾನು ಸಾಕು ಅಂದೆ. ತೆಗೆಯಲಿಲ್ಲ. ಕೊನೆಗೆ ತೆಗೆದಾಗ ಕೈಗಳು ಕೆಂಪಗಾಗಿದ್ದವು. "ಈಗ ಕೈ ಅದಾವ ಇಲ್ಲ ತಿಳಿವಲ್ದು," ಎಂದರು, ಏನೋ ಗೆದ್ದವರ ಹಾಗೆ. "ಕಣ್ಣೂ ಹಿಂಗೇ ಹೋಗ್ತಾವ ನೋಡು, ಮಲ್ಲಪ್ಪ. ನೋವಿಲ್ಲದಂಗ."

ಮಳೆ ಹಿಡಿಯುವ ಹೊತ್ತಿಗೆ ಮೂರು ಅಧ್ಯಾಯ ಮುಗಿದಿದ್ದವು. ನದಿಯ ಬಲದಂಡೆಯ ಮೇಲೆ ಹಳೆಯ ಊರು ಹುಟ್ಟಿ, ರೇಷ್ಮೆ, ಸಾಂಬಾರ ಪದಾರ್ಥಗಳ ವ್ಯಾಪಾರದ ದಾರಿಯಲ್ಲಿ ಕೊಬ್ಬಿ, ಪೂರ್ವದಿಂದ ಬಂದ ದಂಡಿನ ಕೈಯಲ್ಲಿ ಸುಟ್ಟುಹೋಗಿತ್ತು. ಮತ್ತೆ ಎದ್ದಿತ್ತು, ಮೊದಲಿನ ಕಳೆ ಇಲ್ಲದೆ. ಆಮೇಲೆ ರಷ್ಯದ ದೊರೆ ಅದನ್ನು ಗೆದ್ದು, ಊರನ್ನೇ ಎಬ್ಬಿಸಿ ಎಡದಂಡೆಯ ದಿಬ್ಬದ ಮೇಲೆ ಕಟ್ಟಿಸಿದ್ದ. ಬಿಳಿ ಗೋಡೆಯ ಕೋಟೆ ಬಂದಿತ್ತು. ಆ ಗೋಡೆಯ ಇಟ್ಟಿಗೆಗೆ ಅಕ್ಕಪಕ್ಕದ ಹಾಳೂರುಗಳನ್ನೇ ಕಿತ್ತು ತಂದರಂತೆ. ಅದನ್ನು ಬರೆಸುವಾಗ ಮಾಸ್ತರರು ತಡೆದು, "ನಮ್ಮ ಕಲಬುರಗಿ ಕಿಲ್ಲೇದಾಗೂ ಹಿಂಗೇ ಅದ. ಹಳೇ ಗುಡಿ ಕಲ್ಲು, ಹೊಸಾ ಗ್ವಾಡಿ. ಕಲ್ಲಿಗೇನು, ಯಾರ ಹೆಸರಿಲೆ ನಿಂತ್ರೂ ನಿಂತಾದ," ಎಂದರು.

ಮೊದಲ ಜಗಳ ಆ ರಷ್ಯದ ವ್ಯಾಪಾರಿಯ ಬಗ್ಗೆ. ಅವನು ಬೀದರಿನಿಂದ ಕಲಬುರಗಿಗೆ ಕಮಲಾಪುರದ ಮೇಲೆಯೇ ಹೋದ ಎಂದು ಅವರು ಬರೆಸಹೊರಟರು.

"ಹಾಗೆ ಎಲ್ಲೂ ಬರೆದಿಲ್ಲಲ್ಲ ಸರ್."

"ಮತ್ತ ಹ್ಯಾಂಗ ಹೋದ? ಹಾರಿ ಹೋದನ? ದಾರಿ ಅದೇ ಅಲ್ಲೇನು?"

"ಈಗಿನ ದಾರಿ ಸರ್, ಆಗಿನದು ಗೊತ್ತಿಲ್ಲ."

"ನೀ ಬರಿ. ಅನುಮಾನ ಓದೋರು ಪಡ್ಲಿ. ಅವರಿಗೂ ಒಂದಿಷ್ಟು ಕೆಲಸ ಬ್ಯಾಡೇನು?"

ನಾನು ಬರೆದೆ. ಆದರೆ "ಹೋದ" ಎಂದು ಬರೆಯಲಿಲ್ಲ. "ಹೋಗಿರಬಹುದು" ಎಂದು ಬರೆದೆ. ಅವರಿಗೆ ಕಾಣುತ್ತಿರಲಿಲ್ಲ. ಅವರಿಗೆ ಗೊತ್ತಿಲ್ಲದೆ ನಾನು ತಿದ್ದಿದ್ದರಲ್ಲಿ ಅದು ಮೊದಲನೆಯದು. ಆ ಸಂಜೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಒಳ್ಳೆಯದೊಂದು ಕೆಲಸ ಮಾಡಿದ ಸಮಾಧಾನವಿತ್ತು. ಇದು ಚೆನ್ನಾಗಿ ನೆನಪಿದೆ. ನೆನಪಿರಬಾರದಿತ್ತು ಅನ್ನಿಸುವುದೆಲ್ಲ ಚೆನ್ನಾಗಿಯೇ ನೆನಪಿರುತ್ತದೆ.

ಆಷಾಢದಲ್ಲಿ ಮೀನಿನ ಅಧ್ಯಾಯ ಬಂತು. ಬಂದರಿನ ಕಟ್ಟೆಯ ಮೇಲೆ ಉಪ್ಪು ಸವರಿ ಸಾಲಾಗಿ ನೇತುಹಾಕಿದ ಮೀನು, ಪೀಪಾಯಿ ಪೀಪಾಯಿ ಮೀನಿನ ತತ್ತಿ. ಆ ಊರಿನ ಅನ್ನವೇ ಅದು. ಜನ್ಮದಲ್ಲಿ ಮೀನು ಮೂಸದವರು ಅದನ್ನು ಬರೆಸುವುದು ಹೇಗೆ? ಮಾಸ್ತರರು ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡೇ ಕಲಬುರಗಿಯ ಮಾರ್ಕೆಟ್ಟಿಗೆ ಬಂದರು. ನನ್ನ ಭುಜ ಹಿಡಿದು ಒಣಮೀನಿನ ಸಾಲಿನೊಳಗೆ ಕಾಲಿಟ್ಟರು. ಮಾರುವಾಕೆ ಒಬ್ಬ ವಯಸ್ಸಾದ ಬೀಬಿ.

"ಸ್ವಾಮಿಗೋಳ, ದಾರಿ ತಪ್ಪೀರಿ ನೋಡ್ರಿ. ಗುಡಿ ಆ ಕಡಿ ಅದ," ಎಂದಳು.

"ತಪ್ಪಿಲ್ಲವ್ವ. ವಾಸನಿ ನೋಡ್ಲಕ್ಕ ಬಂದೀನಿ."

"ಖಾನೇಕಾ ನೈ, ಸೂಂಗ್‌ನೇಕಾ!" ತಿನ್ನಲಿಕ್ಕಲ್ಲ, ಮೂಸಲಿಕ್ಕಂತೆ ಎಂದು ಆಕೆ ಪಕ್ಕದವಳಿಗೆ ಕೇಳಿಸುವ ಹಾಗೆ ಕೂಗಿ ನಕ್ಕಳು. ಆದರೆ ಒಂದು ದೊಡ್ಡ ಮೀನನ್ನು ಎತ್ತಿ, ಮೇಲಿನ ಉಪ್ಪು ಕೊಡವಿ, ಅವರ ಮೂಗಿನ ಹತ್ತಿರ ಹಿಡಿದಳು. ಮಗುವಿಗೆ ಹಿಡಿದ ಹಾಗೆ. "ತಗೋರಿ. ಇದಕ್ಕೇನು ಕೊಡಬ್ಯಾಡ್ರಿ."

ಮಾಸ್ತರರು ಉಸಿರೆಳೆದರು. ಎರಡನೇ ಸಲ ಎಳೆದರು. ಹತ್ತು ಹೆಜ್ಜೆ ಹೊರಗೆ ಬಂದು ಚಹದಂಗಡಿಯ ಗಟಾರದ ಮುಂದೆ ಬಗ್ಗಿ ವಾಂತಿ ಮಾಡಿಕೊಂಡರು. ಬಾಯಿ ಒರೆಸಿಕೊಳ್ಳುವ ಮೊದಲೇ, "ಬರಕೊ ಮಲ್ಲಪ್ಪ, ಬರಕೊ. ಬಂದರಿನ ವಾಸನಿ ಮೂಗಿಗಿ ಬರಂಗಿಲ್ಲ. ಮೊದಲು ಹೊಟ್ಟಿಗಿ ಬರ್ತದ," ಎಂದರು.

ಮನೆಗೆ ಬಿಟ್ಟಾಗ ಸುವರ್ಣಕ್ಕ ಹೊರಗೆ ನಿಲ್ಲಿಸಿಯೇ ತಂದೆಯ ಮೈಮೇಲೆ ಎರಡು ಕೊಡ ನೀರು ಹಾಕಿದರು. ನನ್ನ ಕಡೆ ತಿರುಗಿ, "ಅವರಿಗರ ವಯಸ್ಸಾಗ್ಯಾದ. ನೀ ಎಂ.ಎ. ಓದಿ ಏನು ಕಡದಿ?" ಎಂದರು. ಆಮೇಲೆ ಇಬ್ಬರಿಗೂ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದರು. ಮಾಸ್ತರರು ಉಣ್ಣಲಿಲ್ಲ, ಉಂಡರೆ ಮೂಗಿನ ವಾಸನೆ ಹೋದೀತೆಂದು ಅದನ್ನು ಕಾಯ್ದುಕೊಂಡು ಕೂತಿದ್ದರು.

ಆಗ ಬರೆದುಕೊಂಡ ಮೀನಿನ ಅಧ್ಯಾಯ ಅಚ್ಚಾದ ಪುಸ್ತಕದಲ್ಲಿದೆ. ಅದರ ಮುಂದಿನವೂ ಇವೆ: ಬಂಡಾಯಗಾರರು ಕೋಟೆ ಹಿಡಿದು ಅಧಿಕಾರಿಯನ್ನು ಗೋಪುರದಿಂದ ಕೆಳಗೆ ನೂಕಿದ್ದು, ಹೊಸ ದೊರೆ ಹಡಗು ಕಟ್ಟಿಸಿದ್ದು, ಬೇನೆ ಬಂದು ಬೀದಿ ಖಾಲಿಯಾದದ್ದು, ಎಣ್ಣೆಯ ದೋಣಿಗಳು ಬಂದದ್ದು, ಹಸಿವಿನ ವರ್ಷಗಳು, ಕಾರ್ಖಾನೆಗಳು. ಎಂಟನೆಯದರ ಕೊನೆಗೆ ಸಮುದ್ರವೇ ಹಿಂದೆ ಸರಿಯುತ್ತಿದೆ. ಬಂದರು ಇದ್ದಲ್ಲೇ ಇದೆ, ನೀರು ವರ್ಷ ವರ್ಷ ದೂರ ಹೋಗುತ್ತಿದೆ. ಅದನ್ನು ಬರೆಸಿದ ದಿನ ಮಾಸ್ತರರಿಗೆ ಎದುರಿನ ಬಾಗಿಲಿನ ಬೆಳಕೂ ಗೊತ್ತಾಗಲಿಲ್ಲ. "ಕದ ಹಾಕ್ಯಾರೇನು?" ಎಂದು ಕೇಳಿದರು. ಕದ ತೆರೆದೇ ಇತ್ತು. ಹಾಕಿದ್ದಾರೆ ಸರ್, ಅಂದೆ.

ಒಂಬತ್ತನೆಯದನ್ನು ಅವರು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು. ಅಸ್ತ್ರಖಾನಿನಲ್ಲಿ ಮುನ್ನೂರು ವರ್ಷಗಳ ಹಿಂದೆ ಹಿಂದೂಸ್ಥಾನದ ವ್ಯಾಪಾರಿಗಳದೇ ಒಂದು ಅಂಗಳವಿತ್ತು. ಕಲ್ಲಿನ ಗೋಡೆ, ಒಳಗೆ ಅಂಗಡಿ, ಮನೆ, ಪೂಜೆಯ ಕೋಣೆ. ಇದು ಖರೆ, ನಾನು ನೋಡಿದ್ದೇನೆ, ಗ್ರಂಥಾಲಯದಲ್ಲಿ. ಮಾಸ್ತರರ ಮಾತು ಅದರ ಮುಂದಿನದು. ಆ ಅಂಗಳದ ಒಬ್ಬ ವ್ಯಾಪಾರಿ ಕಮಲಾಪುರದ ಕಡೆಯವನು ಎಂದು ಅವರು ಹೇಳಿದರು.

"ಹೇಗೆ ಸರ್?"

"ಬಂದರಿನ್ಯಾಗ ಪೆಟ್ಟಿಗಿ ಬಿಚ್ಚಿ ನೋಡಿ ಬರಕೋತಿದ್ರು. ಬಟ್ಟಿ ಇಷ್ಟು, ನೀಲಿ ಬಣ್ಣ ಇಷ್ಟು ಅಂತ. ಒಬ್ಬನ ಪೆಟ್ಟಿಗ್ಯಾಗ ಒಂದು ಗಂಟು ಸಿಕ್ತು. ಏನದು ಅಂತ ಬಿಚ್ಚಿದ್ರು. ಮಣ್ಣು. ಒಂದು ಹಿಡಿ ಕೆಂಪು ಮಣ್ಣು. ಅದನ್ನೂ ಬರಕೊಂಡಾರ."

"ಎಲ್ಲಿದೆ ಸರ್ ಇದು?"

"ಟ್ರಂಕಿನ ತಳದಾಗ, ನೀಲಿ ರಟ್ಟಿನ ಪುಸ್ತಕ. ಬಲಗಡಿ ಪುಟ, ಕೆಳಗಿನ ಸಾಲು."

ಟ್ರಂಕು ತೆಗೆದೆ. ತಳ ತುಕ್ಕು ಹಿಡಿದು ತೂತಾಗಿತ್ತು. ನೀಲಿ ರಟ್ಟು ಸಿಕ್ಕಿತು. ಎತ್ತಿದರೆ ಒಳಗಿಂದ ಗೆದ್ದಲು ತಿಂದ ಪುಡಿ ನನ್ನ ಮೊಣಕಾಲಿನ ಮೇಲೆ ಸುರಿಯಿತು. ಪುಡಿ ಕೊಡವಿಕೊಂಡೆ. ಟ್ರಂಕು ಮುಚ್ಚಿದೆ.

"ಕೆಂಪು ಮಣ್ಣು ದೇಶದ ತುಂಬಾ ಇದೆ ಸರ್. ಕಮಲಾಪುರದ್ದೇ ಅಂತ ಹೇಗೆ?"

ಮಾಸ್ತರರು ನಗಲಿಲ್ಲ. "ದೇಶದ ತುಂಬ ಇರ್ಲಿ. ಗಂಟು ಕಟ್ಟಿಕೊಂಡು ಹೋಗುವಂಥಾ ಮಣ್ಣು ಎಲ್ಲಾ ಕಡಿ ಇರ್ತದೇನು? ಬರಕೊ. ಇದಕ್ಕಾಗೇ ಉಳದ ಎಂಟೂ ಬರದೀನಿ ನಾ."

ಅವರು ಹೇಳತೊಡಗಿದರು. ನಾನು ಒಂಬತ್ತನೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅಧ್ಯಾಯದ ಹೆಸರು ಬರೆದೆ. ಅದರ ಮುಂದೆ, ಕೈ ತಾನಾಗಿಯೇ ಬರೆದ ಹಾಗೆ, "ಆಧಾರ?" ಎಂದು ಬರೆದೆ. ಮುಂದೆ ಬರೆಯಲಾಗಲಿಲ್ಲ. ನನ್ನ ಹೆಸರು ಆ ಪುಸ್ತಕದಲ್ಲಿ ಬರುವುದಿತ್ತು. ನನ್ನ ಮಾರ್ಗದರ್ಶಕರು ಅದನ್ನು ಯಾವತ್ತಾದರೂ ನೋಡಬಹುದಿತ್ತು. ಗ್ರಂಥಾಲಯದಲ್ಲಿ ಹುಡುಕಿ, ಸಿಕ್ಕರೆ ಆಮೇಲೆ ಬರೆದರಾಯಿತು ಅಂದುಕೊಂಡೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೆ ಅಂದುಕೊಂಡದ್ದು ಆಗಲೋ ಆಮೇಲೋ, ಗೊತ್ತಿಲ್ಲ.

ಎರಡು ನಿಮಿಷವಾದ ಮೇಲೆ ಮಾಸ್ತರರು ಮಾತು ನಿಲ್ಲಿಸಿದರು. "ಪೆನ್ನಿನ ಸಪ್ಪಳ ಬರವಲ್ದಲ್ಲ?"

ಕಣ್ಣು ಹೋದ ಮೇಲೆ ಅವರು ಪೆನ್ನನ್ನು ಕೇಳಿಸಿಕೊಂಡೇ ಬರೆಸುತ್ತಿದ್ದರು. ಅದು ಓಡಿದರೆ ಓಡುತ್ತಿದ್ದರು, ನಿಂತರೆ ನಿಲ್ಲುತ್ತಿದ್ದರು.

ನಾನು ಪೆನ್ನನ್ನು ಕಾಗದಕ್ಕೆ ಒತ್ತಿ ಒಂದು ಗೀಟು ಎಳೆದೆ. ಪದದಷ್ಟು ಉದ್ದ. ಸ್ವಲ್ಪ ಜಾಗ ಬಿಟ್ಟು ಇನ್ನೊಂದು. ಅವರ ಮುಖ ಸಡಿಲವಾಯಿತು. ಮಾತು ಮುಂದುವರಿಯಿತು. ಭಾದ್ರಪದದ ನಾಲ್ಕು ಭಾನುವಾರ ಅವರು ಒಂಬತ್ತನೆಯ ಅಧ್ಯಾಯ ಹೇಳಿದರು. ನಾಲ್ಕು ಭಾನುವಾರ ನಾನು ಗೀಟು ಎಳೆದೆ. ಸಾಲು ಮುಗಿದರೆ ಕೆಳಗಿನ ಸಾಲಿಗೆ ಬರುತ್ತಿದ್ದೆ. ಪುಟ ಮುಗಿದರೆ ಮಗುಚುತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ. ಒಳಗೆ ಸುವರ್ಣಕ್ಕ ರೊಟ್ಟಿ ಬಡಿಯುವ ಸಪ್ಪಳ. ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡೆನೇ? ಕೇಳಿಸಿಕೊಂಡಿರಬೇಕು. ಗೀಟನ್ನು ಪದದಷ್ಟೇ ಉದ್ದ ಎಳೆಯುವುದಕ್ಕೂ ಪದ ಕೇಳಿಸಬೇಕಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಹೋದಾಗ ಮಾಸ್ತರರು ಹಾಸಿಗೆಯಲ್ಲಿದ್ದರು. ಕಾಲಿನ ಗಾಯ ಮಾಯುತ್ತಿರಲಿಲ್ಲ. "ಇವತ್ತು ಬರೆಯೋದು ಬ್ಯಾಡ," ಎಂದರು. "ಒಂಬತ್ತನೇದು ಓದಿ ಹೇಳು. ಪೂರಾ."

ನೋಟ್‌ಬುಕ್ಕು ತೆರೆದೆ. ಗೀಟುಗಳು. ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಸುವರ್ಣಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಕೂತರು.

ನಾನು ಓದಿದೆ. ಗೀಟುಗಳ ಮೇಲೆ ಕಣ್ಣಿಟ್ಟು, ನೆನಪಿದ್ದದ್ದನ್ನು ಹೇಳುತ್ತಾ ಹೋದೆ. ಕಲ್ಲಿನ ಅಂಗಳ, ಪೆಟ್ಟಿಗೆ, ಗಂಟು, ಹಿಡಿ ಮಣ್ಣು. ನೆನಪು ಮುಗಿದಾಗಲೂ ಮಾಸ್ತರರು ಕಾಯುತ್ತಿದ್ದರು, ಕತ್ತು ಸ್ವಲ್ಪ ಎತ್ತಿ. ಇನ್ನೂ ಪುಟಗಳಿದ್ದವು, ಅವರಿಗೆ ಗೊತ್ತು. ನನಗೆ ನಿಲ್ಲಿಸಲಾಗಲಿಲ್ಲ. ಎರಡು ವರ್ಷ ಒಂದು ವಾಕ್ಯವನ್ನೂ ಆಧಾರವಿಲ್ಲದೆ ಬರೆಯಲು ಹೆದರುತ್ತಿದ್ದವನು ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ಆ ವ್ಯಾಪಾರಿಗೆ ಅಲ್ಲೇ ವಯಸ್ಸಾಯಿತು. ಪ್ರತಿ ವರ್ಷ ನದಿಯ ಮಂಜು ಒಡೆದಾಗ ಅವನು ಬಂದರಿನ ಕಟ್ಟೆಗೆ ಹೋಗಿ ಮೀನು ಮಾರುವವರ ನಡುವೆ ಕೂರುತ್ತಿದ್ದ. ಮೊದಲ ವರ್ಷ ಆ ವಾಸನೆಗೆ ವಾಂತಿ ಮಾಡಿಕೊಂಡಿದ್ದವನಿಗೆ ಈಗ ಏನೂ ಅನ್ನಿಸುತ್ತಿರಲಿಲ್ಲ. ತನ್ನೂರಿನ ಬಾಳೆಹಣ್ಣಿನ ವಾಸನೆ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಗಂಟು ಬಿಚ್ಚಿ ಮಣ್ಣು ಮೂಸುತ್ತಿದ್ದ. ಮಣ್ಣಿನಿಂದಲೂ ಮೀನಿನ ವಾಸನೆಯೇ ಬರುತ್ತಿತ್ತು.

ಅಷ್ಟು ಹೇಳಿ ನೋಟ್‌ಬುಕ್ಕು ಮುಚ್ಚಿದೆ. ಮಾಸ್ತರರ ಬೆಳಕಿಲ್ಲದ ಕಣ್ಣಿಂದ ನೀರಿಳಿದು ಕಿವಿಯ ಕಡೆ ಹೋಗುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಈ ಕಡೀದು ನಾ ಹೇಳಿದ್ದೇ ಮರತುಬಿಟ್ಟಿದ್ದೆ ನೋಡು," ಎಂದರು. "ಛಲೋ ಬರಸೀನಿ. ಅಲ್ಲೇನು ಮಲ್ಲಪ್ಪ?"

"ಹೌದು ಸರ್."

ಇಲ್ಲಿಗೆ ಬಂದಾಗಲೆಲ್ಲ ನನ್ನ ಕಾಲ ಕೆಳಗಿನ ನೆಲ ಸಡಿಲಾಗುತ್ತದೆ. ಅವರು ಆ ಮಾತು ಹೇಳಿದ ಕ್ಷಣದಿಂದ ನನಗೂ ಗೊತ್ತಿಲ್ಲ. ಬಾಳೆಹಣ್ಣಿನ ವಾಸನೆ ನಾನು ಹುಟ್ಟಿಸಿದ್ದೋ, ಮೂರನೆಯ ಭಾನುವಾರ ಮಳೆಯ ಸದ್ದಿನಲ್ಲಿ ಅವರು ಹೇಳಿದ್ದು ನನ್ನೊಳಗೆ ಬಿದ್ದಿತ್ತೋ? ಹಿಡಿ ಮಣ್ಣು ಅವರು ಹೇಳಿದ್ದು, ಅದು ಖಂಡಿತ. ಖಂಡಿತ ಅಂದೆನೇ? ನೀಲಿ ರಟ್ಟಿನ ಪುಡಿಯನ್ನು ನಾನು ನೋಡಿದ್ದೇನೆ, ಅಷ್ಟು ಮಾತ್ರ ಖಂಡಿತ.

ಸಂಕ್ರಾಂತಿಗೆ ಮುಂಚೆ, ತೊಗರಿ ರಾಶಿಯ ಕಾಲದಲ್ಲಿ, ಮಾಸ್ತರರು ಒಂದು ಬೆಳಿಗ್ಗೆ ಏಳಲಿಲ್ಲ. ಬಾಳೆತೋಟದ ಮೂಲೆಯಲ್ಲಿ ಕುಣಿ ತೋಡಿ, ಪದ್ಧತಿಯಂತೆ ಕೂಡಿಸಿದರು. ಒಬ್ಬೊಬ್ಬರಾಗಿ ಮಣ್ಣು ಕೊಟ್ಟರು. ನನ್ನ ಸರದಿ ಬಂದಾಗ ಬಗ್ಗಿ ಒಂದು ಹಿಡಿ ತೆಗೆದುಕೊಂಡೆ. ಕೆಂಪಗಿತ್ತು. ಹಿಂದೆ ನಿಂತವರು "ಹಾಕ್ರಿ, ಮುಂದ ನಡೀರಿ" ಅನ್ನುವವರೆಗೂ ಅದನ್ನು ಹಿಡಿದುಕೊಂಡೇ ನಿಂತಿದ್ದೆ.

ಆಮೇಲೆ ಹುಡುಕಿದೆ. ಆರು ತಿಂಗಳು ಹುಡುಕಿದೆ, ನನ್ನ ಪಿಎಚ್.ಡಿ.ಯನ್ನು ಬದಿಗಿಟ್ಟು. ಆ ಅಂಗಳದವರು ಹೆಚ್ಚಾಗಿ ಉತ್ತರದ ಕಡೆಯವರು, ಸಿಂಧ್ ಮುಲ್ತಾನಿನವರು ಎಂದು ಓದಿದೆ. ಮಣ್ಣಿನ ಗಂಟು ಎಲ್ಲೂ ಸಿಗಲಿಲ್ಲ. ಇರಲಿಲ್ಲ ಎಂದೂ ಎಲ್ಲೂ ಬರೆದಿರಲಿಲ್ಲ. ಪಿಎಚ್.ಡಿ.ಯೂ ಅಲ್ಲಿಗೇ ನಿಂತಿತು. ಅವತ್ತಿನಿಂದ ಇವತ್ತಿನವರೆಗೆ ಕಾಲೇಜಿನಿಂದ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಅಲೆಯುತ್ತಿದ್ದೇನೆ.

ಮಳೆಗಾಲ ತಿರುಗಿ ಬಂತು. ಸುವರ್ಣಕ್ಕ ಫೋನ್ ಮಾಡಿದರು. "ವರ್ಷದ ಪುಣ್ಯತಿಥಿಗೆ ಅಪ್ಪನ ಪುಸ್ತಕ ಅಚ್ಚ ಹಾಕಸಿ ಬಂದವರಿಗೆಲ್ಲ ಹಂಚಬೇಕಂತ ಮಾಡೀನಿ. ಬರಕೊಂಡದ್ದೆಲ್ಲ ತಗೊಂಡು ಬಾ ತಮ್ಮ." ಶುದ್ಧಪ್ರತಿ ಮಾಡುತ್ತೇನೆಂದು ಒಂಬತ್ತೂ ನೋಟ್‌ಬುಕ್ಕು ನಾನೇ ಮೊದಲು ಕೋಣೆಗೆ ಒಯ್ದಿಟ್ಟುಕೊಂಡಿದ್ದೆ.

ಪಡಸಾಲೆಯಲ್ಲಿ ಅದೇ ಕಲ್ಲಿನ ಮೇಲೆ ಕೂತು ಅಕ್ಕ ಒಂದೊಂದಾಗಿ ತೆರೆದು ನೋಡಿದರು. ಎಂಟು ಮುಗಿಯಿತು. ಒಂಬತ್ತನೆಯದು ತೆರೆದರು. ಒಂದು ಪುಟ, ಎರಡು ಪುಟ. ಗೀಟುಗಳ ಮೇಲೆ ಬೆರಳಾಡಿಸಿದರು, ಅವರ ತಂದೆ ಬಾಳೆ ಎಲೆಯ ಮೇಲೆ ಆಡಿಸಿದ ಹಾಗೆ.

"ಇದೇನು ತಮ್ಮ, ರಷ್ಯಾದ ಅಕ್ಷರ ಏನು?"

ಹೌದು ಅನ್ನಬಹುದಿತ್ತು. ಅಂದಿದ್ದರೆ ನಂಬುತ್ತಿದ್ದರು.

"ಇಲ್ಲ ಅಕ್ಕ. ಇದು ಬರೆದಿಲ್ಲ."

"ಅವತ್ತು ಓದಿ ಹೇಳಿದೆಲ್ಲ? ನಾನೂ ಕೇಳೀನಿ. ಅಪ್ಪ ಅತ್ತಾನ."

"ನೆನಪಿನಿಂದ ಹೇಳಿದೆ ಅಕ್ಕ. ಬರೆದುಕೊಂಡಿರಲಿಲ್ಲ."

ಅವರು ಅದನ್ನು ಮುಚ್ಚಿ ಉಳಿದ ಎಂಟರ ಮೇಲಿಟ್ಟರು. ನಾನು ಬೈಗುಳಕ್ಕೆ ಕಾದೆ. ಅದು ಬಂದಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲವೇನೋ. ಅವರು ಎದ್ದು ಒಳಗೆ ಹೋಗಿ, ಒಂದು ಹೊಸ ನೋಟ್‌ಬುಕ್ಕು ತಂದು ನನ್ನ ಮುಂದಿಟ್ಟರು.

"ಅಪ್ಪ ಹೋದ, ನಿನ್ನ ನೆನಪೇನೂ ಹೋಗಿಲ್ಲಲ್ಲ. ಅವತ್ತು ಹೇಳಿದ್ದೇ ಬರಿ. ಹೊಸಾದೇನು ಬ್ಯಾಡ. ರೊಟ್ಟಿ ಮಾಡ್ತೀನಿ, ಉಂಡೇ ಹೋಗುವಿ."

ಅವರು ಒಳಗೆ ಹೋದರು. ಹಿಟ್ಟು ನಾದುವುದು, ಆಮೇಲೆ ಬಡಿಯುವುದು ಕೇಳಿಸಿತು. ನಾನು ಪೆನ್ನು ತೆಗೆದೆ. ಕಲ್ಲಿನ ಅಂಗಳ ಎಂದು ಬರೆಯಲು ಹೊರಟು, ಅಂಗಳ ಎಂದು ಮಾಸ್ತರರು ಅಂದಿದ್ದರೋ ವಾಡೆ ಅಂದಿದ್ದರೋ ಎಂದು ನಿಂತೆ. ಹಿಡಿ ಮಣ್ಣೋ, ಬೊಗಸೆ ಮಣ್ಣೋ? ಅವನಿಗೆ ಅವರು ಒಂದು ಹೆಸರು ಕೊಟ್ಟಿದ್ದರು, ಖಂಡಿತ ಕೊಟ್ಟಿದ್ದರು. ನಾಲ್ಕು ಭಾನುವಾರ ಆ ಹೆಸರಿನಿಂದಲೇ ಕರೆದರು. ನಾನು ಅದರಷ್ಟು ಉದ್ದದ ಗೀಟು ಎಳೆದಿದ್ದೆ. ಹಳೆಯ ನೋಟ್‌ಬುಕ್ಕು ತೆರೆದು ಆ ಗೀಟು ಹುಡುಕಿದೆ. ಎಲ್ಲ ಒಂದೇ ತರ ಇದ್ದವು. ಮುಂದೆ ಬರೆದರೆ ಬರೆದದ್ದೆಲ್ಲ ನನ್ನದಾಗುತ್ತಿತ್ತು, ಅವರ ಹೆಸರಿನ ಕೆಳಗೆ. ಬರೆಯದಿದ್ದರೆ ಅವರದು ಏನೂ ಉಳಿಯುತ್ತಿರಲಿಲ್ಲ. ಮಳೆ ಜೋರಾಯಿತು. ಪುಟ ಬಿಳಿಯಾಗಿಯೇ ಇತ್ತು.

ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

"ತಮ್ಮ," ಎಂದರು ಸುವರ್ಣಕ್ಕ, ಒಲೆಯ ಮುಂದಿನಿಂದಲೇ. "ಪೆನ್ನಿನ ಸಪ್ಪಳ ಬರವಲ್ದಲ್ಲ?"

ನಾನು ಪೆನ್ನನ್ನು ಕಾಗದಕ್ಕೆ ಒತ್ತಿದೆ. ಒಂದು ಗೀಟು ಎಳೆದೆ, ಪದದಷ್ಟು ಉದ್ದ. ಸ್ವಲ್ಪ ಜಾಗ ಬಿಟ್ಟು ಇನ್ನೊಂದು.

ಒಳಗೆ ಮತ್ತೆ ರೊಟ್ಟಿ ಬಡಿಯುವುದು ಶುರುವಾಯಿತು.